ಇಂಜೆಕ್ಟರ್ ದೊಡ್ಡದಾಯ್ತು, ಇಸಿಯುಗೆ ಹೇಳಿದ್ರಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಮಾತಿನ ಧಾಟಿ ಹಾಗೇ ಉಳಿಸಿ, ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ನಿಂತಿರೋರಿಗೂ ಸ್ವಾಗತ, ಬಸ್ಸಲ್ಲಿ ಕಿಟಕಿ ಸೀಟ್ ಸಿಕ್ಕಿರೋ ಅದೃಷ್ಟವಂತರಿಗೂ ಸ್ವಾಗತ.

ಇವತ್ತಿನ ವಿಷಯ ಕಾರಿನ ಫ್ಯೂಯೆಲ್ ಇಂಜೆಕ್ಟರ್. ಸರಿಯಾಗಿ ಹೇಳ್ಬೇಕಂದ್ರೆ, ದೊಡ್ಡ ಇಂಜೆಕ್ಟರ್ ಹಾಕಿಸಿದ ಮೇಲೆ ಇಸಿಯು ಒಳಗೆ ಬದಲಾಯಿಸಬೇಕಾದ ನಂಬರ್‌ಗಳು. ಟ್ಯೂನಿಂಗ್ ಹುಚ್ಚು ಇರೋರು ಟರ್ಬೊಗೆ ಖರ್ಚು ಮಾಡ್ತಾರೆ, ಎಕ್ಸಾಸ್ಟ್‌ಗೆ ಖರ್ಚು ಮಾಡ್ತಾರೆ, ಆ ಸಾಲಲ್ಲಿ ಇಂಜೆಕ್ಟರ್ ಸೆಟ್ಟೂ ಬರುತ್ತೆ. ಫಿಟ್ ಮಾಡೋಕೆ ಅರ್ಧ ದಿನ ಸಾಕು. ಕಾರು ಸ್ಟಾರ್ಟೂ ಆಗುತ್ತೆ. ಆಮೇಲೆ ಶುರುವಾಗುತ್ತೆ ನೋಡಿ: ಸಿಗ್ನಲ್‌ನಲ್ಲಿ ಆರ್‌ಪಿಎಂ ಮೇಲೆ ಕೆಳಗೆ ಆಡುತ್ತೆ, ಎಸಿ ಹಾಕಿದ್ರೆ ಆಫ್ ಆಗುತ್ತೆ, ಮೈಲೇಜ್ ಬೀಳುತ್ತೆ, ಚೆಕ್ ಎಂಜಿನ್ ಲೈಟ್ ಬರುತ್ತೆ. ಇಷ್ಟೇ ಆದ್ರೆ ಕಿರಿಕಿರಿ ಅಂತ ಸುಮ್ಮನಾಗಬಹುದು. ಆದ್ರೆ ಫುಲ್ ಥ್ರಾಟಲ್‌ನಲ್ಲಿ ಪೆಟ್ರೋಲ್ ಕಮ್ಮಿ ಬಿತ್ತು ಅಂದ್ರೆ ಪಿಸ್ಟನ್ ಕರಗಬಹುದು. ಅಲ್ಲಿಗೆ ಎಂಜಿನ್ ಬಿಚ್ಚಲೇಬೇಕು.

ನಾನು ಬಿ.ಕಾಂ ಓದಿದೋನು, ಹಳೆ ಕೇಳುಗರಿಗೆ ಗೊತ್ತು. ಆದ್ರೆ ಈ ವಿಷಯ ನನ್ನ ತಲೆಗೆ ಹತ್ತಿದ್ದೇ ಕಾಸ್ಟ್ ಅಕೌಂಟಿಂಗ್‌ನಿಂದ. ಯಾಕಂದ್ರೆ ಇಸಿಯು ಮೂಲತಃ ಒಬ್ಬ ಅಕೌಂಟೆಂಟ್. ಗಾಳಿ ಎಷ್ಟು ಬಂತು, ಪೆಟ್ರೋಲ್ ಎಷ್ಟು ಹೋಯ್ತು, ಎರಡೂ ಟ್ಯಾಲಿ ಆಯ್ತಾ, ಇದೇ ಅದರ ದಿನವಿಡೀ ಕೆಲಸ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡ್ತೀನಿ. ಇವತ್ತು ಮಾತಾಡ್ತಿರೋದು ಪೋರ್ಟ್ ಇಂಜೆಕ್ಷನ್ ಪೆಟ್ರೋಲ್ ಎಂಜಿನ್ ಬಗ್ಗೆ. ಅಂದ್ರೆ ಇಂಜೆಕ್ಟರ್ ಇನ್‌ಟೇಕ್ ದಾರಿಯಲ್ಲೇ ಪೆಟ್ರೋಲ್ ಸಿಂಪಡಿಸೋ ತರದ್ದು. ಫಿಯೆಟ್ ಲಿನಿಯಾ ಟಿ-ಜೆಟ್, ಮೊದಲ ತಲೆಮಾರಿನ ಆಕ್ಟೇವಿಯಾದ 1.8 ಟರ್ಬೊ, ಇವೆಲ್ಲ ಈ ಜಾತಿ. ಈಗಿನ ಟಿಎಸ್‌ಐ ಎಂಜಿನ್‌ಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಹೋಗುತ್ತೆ, ಪ್ರೆಶರ್ ನೂರಾರು ಬಾರ್ ಇರುತ್ತೆ. ಅದು ಬೇರೆಯದೇ ಕಥೆ.

ಇಂಜೆಕ್ಟರ್‌ಗೆ ಬುದ್ಧಿ ಇಲ್ಲ

ಇಂಜೆಕ್ಟರ್ ಅಂದ್ರೆ ಕರೆಂಟ್‌ನಿಂದ ತೆರೆಯೋ ಒಂದು ನಲ್ಲಿ. ಅರ್ಧ ತೆರೆಯೋದು, ಕಾಲು ಭಾಗ ತೆರೆಯೋದು ಅದಕ್ಕೆ ಗೊತ್ತಿಲ್ಲ. ತೆರಿ ಅಂದ್ರೆ ತೆರೆಯುತ್ತೆ, ಮುಚ್ಚು ಅಂದ್ರೆ ಮುಚ್ಚುತ್ತೆ. ಹಾಗಾಗಿ ಪೆಟ್ರೋಲ್ ಜಾಸ್ತಿ ಬೇಕು ಅಂದ್ರೆ ಇಸಿಯುಗೆ ಇರೋದು ಒಂದೇ ಉಪಾಯ: ಜಾಸ್ತಿ ಹೊತ್ತು ತೆರೆದಿಡೋದು. ಈ ಹೊತ್ತಿಗೆ ಪಲ್ಸ್ ಅಂತಾರೆ. ಅಳೆಯೋದು ಮಿಲಿಸೆಕೆಂಡ್‌ನಲ್ಲಿ, ಅಂದ್ರೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು.

ಇಸಿಯು ಲೆಕ್ಕ ಹೀಗಿರುತ್ತೆ. ಸಿಲಿಂಡರ್‌ಗೆ ಎಷ್ಟು ಗಾಳಿ ಹೋಗ್ತಿದೆ ಅಂತ ಸೆನ್ಸರ್‌ನಿಂದ ತಿಳ್ಕೊಳ್ಳುತ್ತೆ. ಶುದ್ಧ ಪೆಟ್ರೋಲ್ ಆದ್ರೆ 14.7 ಗ್ರಾಂ ಗಾಳಿಗೆ 1 ಗ್ರಾಂ, ಆ ಪ್ರಕಾರ ಎಷ್ಟು ಪೆಟ್ರೋಲ್ ಬೇಕು ಅಂತ ಲೆಕ್ಕ ಹಾಕುತ್ತೆ. ಇಷ್ಟು ಪೆಟ್ರೋಲ್ ಬೀಳಬೇಕಂದ್ರೆ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಕೊನೆಗೆ ತೀರ್ಮಾನ ಮಾಡುತ್ತೆ.

ಈ ಕೊನೆ ಹೆಜ್ಜೆ ಗಮನಿಸಿ. ಇಸಿಯುಗೆ ಇಂಜೆಕ್ಟರ್ ಕಾಣಲ್ಲ. ನೀವು 300 ಸಿಸಿ ತೆಗೆದು 600 ಸಿಸಿ ಹಾಕಿದ್ದು ಅದಕ್ಕೆ ಗೊತ್ತೇ ಇಲ್ಲ. ಅದರ ಪುಸ್ತಕದಲ್ಲಿ ಕಂಪನಿಯವರು ಬರೆದಿಟ್ಟ ಹಳೆ ರೇಟೇ ಇದೆ. ಹಾಲಿನವನು ಅರ್ಧ ಲೀಟರ್ ಪ್ಯಾಕೆಟ್ ಬದಲು ಒಂದು ಲೀಟರ್ ಪ್ಯಾಕೆಟ್ ಹಾಕೋಕೆ ಶುರು ಮಾಡಿದ, ಮನೇಲಿ ಮಾತ್ರ ಪ್ಯಾಕೆಟ್ ಎಣಿಸಿ ಲೆಕ್ಕ ಬರೀತಿದ್ದಾರೆ ಅಂತ ಇಟ್ಕೊಳ್ಳಿ. ಹಾಗೇ ಇದು.

ಪುಸ್ತಕದಲ್ಲಿ ತಿದ್ದಬೇಕಾದ ಮುಖ್ಯ ನಂಬರ್ ಎರಡು. ಒಂದು ಫ್ಲೋ ರೇಟ್, ಇನ್ನೊಂದು ಡೆಡ್‌ಟೈಮ್.

ಮೊದಲನೇದು: ಫ್ಲೋ ರೇಟ್

ಇದು ಸುಲಭ. ಇಂಜೆಕ್ಟರ್ ಪೂರ್ತಿ ತೆರೆದೇ ಇದ್ರೆ ಒಂದು ನಿಮಿಷಕ್ಕೆ ಎಷ್ಟು ಸಿಸಿ ಪೆಟ್ರೋಲ್ ಬರುತ್ತೆ ಅನ್ನೋದು. ಡಬ್ಬದ ಮೇಲೇ ಬರೆದಿರುತ್ತೆ.

ಆದ್ರೆ ಆ ನಂಬರ್ ಸಾಮಾನ್ಯವಾಗಿ 3 ಬಾರ್ ಪ್ರೆಶರ್‌ನಲ್ಲಿ ಅಳೆದಿದ್ದು. ನಿಮ್ಮ ಕಾರಿನ ಪ್ರೆಶರ್ 4 ಬಾರ್ ಇದ್ರೆ? ಫ್ಲೋ ಪ್ರೆಶರ್‌ನ ವರ್ಗಮೂಲದ ಪ್ರಕಾರ ಏರುತ್ತೆ. 4 ಭಾಗಿಸು 3, ಅದರ ವರ್ಗಮೂಲ ಸುಮಾರು 1.155. ಅಂದ್ರೆ ಡಬ್ಬದ ಮೇಲಿನ 600, ನಿಮ್ಮ ಕಾರಲ್ಲಿ ಸುಮಾರು 693. ಡಬ್ಬ ನೋಡಿ 600 ಅಂತ ಟೈಪ್ ಮಾಡಿದ್ರೆ ಮೊದಲ ದಿನವೇ 15 ಪರ್ಸೆಂಟ್ ತಪ್ಪು.

ಇನ್ನೊಂದು ಸೂಕ್ಷ್ಮ ಇದೆ. ಲೆಕ್ಕಕ್ಕೆ ಬರೋದು ಪೈಪಿನ ಒಳಗಿನ ಪ್ರೆಶರ್ ಮಾತ್ರ ಅಲ್ಲ, ಇಂಜೆಕ್ಟರ್‌ನ ಆ ಕಡೆಗೂ ಈ ಕಡೆಗೂ ಇರೋ ವ್ಯತ್ಯಾಸ. ಹಳೆ ಕಾರುಗಳಲ್ಲಿ ರೆಗ್ಯುಲೇಟರ್‌ಗೆ ಇನ್‌ಟೇಕ್‌ನಿಂದ ಒಂದು ಸಣ್ಣ ಪೈಪ್ ಬರುತ್ತೆ, ಅದು ಈ ವ್ಯತ್ಯಾಸವನ್ನ ಒಂದೇ ಮಟ್ಟದಲ್ಲಿ ಇಡುತ್ತೆ. ಈಚಿನ ಬಹಳಷ್ಟು ಕಾರುಗಳಲ್ಲಿ ರಿಟರ್ನ್ ಲೈನೇ ಇಲ್ಲ, ಪ್ರೆಶರ್ ಸ್ಥಿರ. ಅಂಥ ಕಾರಲ್ಲಿ 3 ಬಾರ್ ಇಟ್ಟು 1 ಬಾರ್ ಬೂಸ್ಟ್ ಮಾಡಿದ್ರೆ ಉಳಿಯೋ ವ್ಯತ್ಯಾಸ 2 ಬಾರ್ ಮಾತ್ರ. 600 ಸಿಸಿ ಇಂಜೆಕ್ಟರ್ ಆಗ ಕೊಡೋದು ಸುಮಾರು 490. ಪೆಟ್ರೋಲ್ ಜಾಸ್ತಿ ಬೇಕಾದ ಹೊತ್ತಲ್ಲೇ ನಲ್ಲಿ ಸಣ್ಣದಾಗುತ್ತೆ. ಅದಕ್ಕೆ ಟ್ಯೂನರ್ ಹತ್ರ ಕೇಳಬೇಕಾದ ಮೊದಲ ಪ್ರಶ್ನೆ: ನನ್ನ ಕಾರಲ್ಲಿ ರಿಟರ್ನ್ ಲೈನ್ ಇದೆಯಾ, ಪ್ರೆಶರ್ ಎಷ್ಟು, ಅಳೆದು ನೋಡಿದ್ರಾ?

ಎರಡನೇದು: ಡೆಡ್‌ಟೈಮ್ ಅನ್ನೋ ಫಿಕ್ಸೆಡ್ ಚಾರ್ಜ್

ಜಾಸ್ತಿ ಜನ ಎಡವೋದು ಇಲ್ಲಿ. ಗೃಹಜ್ಯೋತಿ ಬರೋಕೆ ಮುಂಚಿನ ಕರೆಂಟ್ ಬಿಲ್ ನೆನಪಿಸಿಕೊಳ್ಳಿ. ಊರಿಗೆ ಹೋಗಿ ತಿಂಗಳಿಡೀ ಲೈಟ್ ಹಾಕದೇ ಇದ್ರೂ ಬಿಲ್ ಬರ್ತಿತ್ತು, ಯಾಕಂದ್ರೆ ಫಿಕ್ಸೆಡ್ ಚಾರ್ಜ್. ಅದರ ಮೇಲೆ ಯೂನಿಟ್‌ಗೆ ಇಷ್ಟು ಅಂತ. ಇಂಜೆಕ್ಟರ್ ಬಿಲ್ಲೂ ಹೀಗೇ.

ಕರೆಂಟ್ ಕೊಟ್ಟ ತಕ್ಷಣ ಪೆಟ್ರೋಲ್ ಬರಲ್ಲ. ಕಾಯಿಲ್‌ನಲ್ಲಿ ಕಾಂತಶಕ್ತಿ ತುಂಬಬೇಕು, ಸ್ಪ್ರಿಂಗ್ ಮತ್ತು ಪೆಟ್ರೋಲಿನ ಒತ್ತಡ ಎರಡನ್ನೂ ಮೀರಿ ಸೂಜಿ ಮೇಲೇಳಬೇಕು. ಕರೆಂಟ್ ನಿಲ್ಲಿಸಿದಾಗ ಮುಚ್ಚೋಕೂ ಸ್ವಲ್ಪ ಹೊತ್ತು. ತೆರೆಯೋಕೆ ಹಿಡಿದ ಹೊತ್ತಲ್ಲಿ ಮುಚ್ಚೋ ಹೊತ್ತನ್ನ ಕಳೆದು ಉಳಿಯೋ ನಷ್ಟವೇ ಡೆಡ್‌ಟೈಮ್. ಸಾಮಾನ್ಯವಾಗಿ 1 ಮಿಲಿಸೆಕೆಂಡ್ ಆಸುಪಾಸು. ಬಿಲ್ ಬಂತು, ಪೆಟ್ರೋಲ್ ಬರಲಿಲ್ಲ.

ಪಲ್ಸ್ = ಡೆಡ್‌ಟೈಮ್ + ನಿಜವಾಗಿ ಪೆಟ್ರೋಲ್ ಬೀಳೋ ಹೊತ್ತು. ಇಷ್ಟೇ ಸೂತ್ರ. ಫಿಕ್ಸೆಡ್ ಕಾಸ್ಟ್ ಪ್ಲಸ್ ವೇರಿಯಬಲ್ ಕಾಸ್ಟ್.

ಉದಾಹರಣೆ ನೋಡೋಣ. ಹಳೆ ಇಂಜೆಕ್ಟರ್ 300 ಸಿಸಿ, ಡೆಡ್‌ಟೈಮ್ 1.00. ಐಡಲ್‌ನಲ್ಲಿ ಪೆಟ್ರೋಲ್ ಬೀಳೋ ಹೊತ್ತು 1.50. ಒಟ್ಟು ಪಲ್ಸ್ 2.50 ಮಿಲಿಸೆಕೆಂಡ್. ಹೊಸದು 600 ಸಿಸಿ, ಅದರ ಡೆಡ್‌ಟೈಮ್ 1.15. ಈಗ ಪೆಟ್ರೋಲ್ ಬೀಳೋ ಹೊತ್ತು ಅರ್ಧ ಸಾಕು, 0.75. ಒಟ್ಟು 1.90.

ನೋಡಿದ್ರಾ? ಇಂಜೆಕ್ಟರ್ ಡಬಲ್ ಆದ್ರೂ ಪಲ್ಸ್ 2.50ರಿಂದ 1.90ಕ್ಕೆ ಮಾತ್ರ ಇಳೀತು. ಫಿಕ್ಸೆಡ್ ಚಾರ್ಜ್ ಅರ್ಧ ಆಗಲ್ಲ. "ಸೈಜ್ ಡಬಲ್, ಪಲ್ಸ್ ಅರ್ಧ ಮಾಡಿದ್ರಾಯ್ತು" ಅಂತ ಯಾರಾದ್ರೂ 1.25 ಕೊಟ್ರೆ, ಅದರಲ್ಲಿ 1.15 ಡೆಡ್‌ಟೈಮ್‌ಗೇ ಹೋಗಿ ಉಳಿಯೋದು 0.10. ಎಂಜಿನ್ ನಿಲ್ಲೋದೇ ಇಲ್ಲ.

ಈ ಫಿಕ್ಸೆಡ್ ಚಾರ್ಜ್ ಪೂರ್ತಿ ಫಿಕ್ಸೆಡ್ಡೂ ಅಲ್ಲ ಅನ್ನೋದು ಇನ್ನೊಂದು ತಲೆನೋವು. ವೋಲ್ಟೇಜ್ ಇಳಿದ್ರೆ ಕಾಯಿಲ್ ನಿಧಾನ ಆಗುತ್ತೆ, ಡೆಡ್‌ಟೈಮ್ ಏರುತ್ತೆ. 14 ವೋಲ್ಟ್‌ನಲ್ಲಿ 1.15 ಇದ್ದದ್ದು 12 ವೋಲ್ಟ್‌ನಲ್ಲಿ 1.45 ಆಗಬಹುದು, 10 ವೋಲ್ಟ್‌ನಲ್ಲಿ 2ರ ಹತ್ತಿರ. ಹಾಗಾಗಿ ಡೆಡ್‌ಟೈಮ್ ಒಂದು ನಂಬರ್ ಅಲ್ಲ, ಒಂದು ಟೇಬಲ್. ಮಳೆಗಾಲದ ಸಂಜೆ ಟ್ರಾಫಿಕ್‌ನಲ್ಲಿ ಎಸಿ, ಹೆಡ್‌ಲೈಟ್, ವೈಪರ್ ಎಲ್ಲ ಹಾಕಿದಾಗಲೇ ಕಾರು ಯಾಕೆ ನಡುಗುತ್ತೆ, ಬೆಳಿಗ್ಗೆ ಗ್ಯಾರೇಜಲ್ಲಿ ಯಾಕೆ ಸರಿಯಾಗಿತ್ತು ಅಂತ ಗೊತ್ತಾಯ್ತಲ್ಲ?

ಪಲ್ಸ್ ಬಹಳ ಚಿಕ್ಕದಾದಾಗ ಸೂಜಿ ಪೂರ್ತಿ ಏಳೋ ಮುಂಚೆಯೇ ಇಳಿಯೋಕೆ ಶುರುವಾಗುತ್ತೆ. ಅಲ್ಲಿ ಈ ನೇರ ಲೆಕ್ಕವೂ ಕೈಕೊಡುತ್ತೆ. ಕೆಲವು ಇಸಿಯುಗಳಲ್ಲಿ ಇದಕ್ಕೇ ಚಿಕ್ಕ ಪಲ್ಸ್‌ನ ಮೂರನೇ ಟೇಬಲ್ ಇರುತ್ತೆ. ಇದ್ರೆ ಅದನ್ನೂ ತುಂಬಬೇಕು.

ಟ್ರಿಮ್: ಲೆಕ್ಕ ಟ್ಯಾಲಿ ಮಾಡೋ ಸಸ್ಪೆನ್ಸ್ ಅಕೌಂಟ್

ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದೇ ಇದ್ರೆ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ ಅವತ್ತಿನ ಮಟ್ಟಿಗೆ ಮುಂದೆ ಹೋಗ್ತೀವಿ. ಕಾಮರ್ಸ್ ಓದಿದೋರು ಈಗ ನಗ್ತಿರ್ತೀರಿ. ಇಸಿಯುನೂ ಅದನ್ನೇ ಮಾಡುತ್ತೆ. ಅದಕ್ಕೆ ಫ್ಯೂಯೆಲ್ ಟ್ರಿಮ್ ಅಂತ ಹೆಸರು.

ಎಕ್ಸಾಸ್ಟ್‌ನಲ್ಲಿರೋ ಆಕ್ಸಿಜನ್ ಸೆನ್ಸರ್ ಹೇಳುತ್ತೆ, ಪೆಟ್ರೋಲ್ ಕಮ್ಮಿ ಬಿದ್ದಿದೆ. ಇಸಿಯು ತಕ್ಷಣ ಸ್ವಲ್ಪ ಸೇರಿಸುತ್ತೆ, ಇದು ಶಾರ್ಟ್ ಟರ್ಮ್ ಟ್ರಿಮ್. ದಿನಾ ಅಷ್ಟೇ ಸೇರಿಸಬೇಕಾಗಿ ಬಂದ್ರೆ ಅದನ್ನ ನೆನಪಲ್ಲಿ ಇಟ್ಕೊಳ್ಳುತ್ತೆ, ಇದು ಲಾಂಗ್ ಟರ್ಮ್ ಟ್ರಿಮ್. ಪ್ಲಸ್ ಅಂದ್ರೆ ಸೇರಿಸ್ತಿದೆ, ಮೈನಸ್ ಅಂದ್ರೆ ಕಡಿಮೆ ಮಾಡ್ತಿದೆ. ಎರಡನ್ನೂ ಕೂಡಿಸಿ ನೋಡಿ. 5 ಪರ್ಸೆಂಟ್ ಒಳಗಿದ್ರೆ ನೆಮ್ಮದಿ. 10 ದಾಟಿದ್ರೆ ಕಾರಣ ಹುಡುಕಿ. ಎಷ್ಟೋ ಕಾರುಗಳಲ್ಲಿ 25ರ ಹತ್ತಿರ ಮಿತಿ ಮುಗಿಯುತ್ತೆ. ಆಗ ಪಿ 0171 ಅನ್ನೋ ಕೋಡ್ ಬಂದ್ರೆ ಪೆಟ್ರೋಲ್ ಕಮ್ಮಿ ಅಂತ, ಪಿ 0172 ಬಂದ್ರೆ ಜಾಸ್ತಿ ಅಂತ.

ಇದನ್ನ ನಿಮ್ಮ ಫೋನಲ್ಲೇ ನೋಡಬಹುದು. ಬ್ಲೂಟೂತ್ ಒಬಿಡಿ ಅಡಾಪ್ಟರ್ ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿ, ಒಂದು ಆ್ಯಪ್ ಹಾಕ್ಕೊಳ್ಳಿ. ಎರಡೂ ಟ್ರಿಮ್, ಆರ್‌ಪಿಎಂ, ವೋಲ್ಟೇಜ್ ಸಿಗುತ್ತೆ. ಇಂಜೆಕ್ಟರ್ ಪಲ್ಸ್ ಮಾತ್ರ ಸಾಮಾನ್ಯ ಆ್ಯಪ್‌ನಲ್ಲಿ ಬರಲ್ಲ, ಅದನ್ನ ಟ್ಯೂನರ್ ಸಾಫ್ಟ್‌ವೇರ್‌ನ ಲಾಗ್‌ನಿಂದ ಕೇಳಿ ಪಡೀಬೇಕು.

"ಟ್ರಿಮ್ ಇದೆಯಲ್ಲ, ಇಸಿಯು ತಾನೇ ಸರಿ ಮಾಡ್ಕೊಳ್ಳುತ್ತೆ ಬಿಡಿ" ಅನ್ನೋ ಮಾತು ಗ್ಯಾರೇಜಲ್ಲಿ ಕೇಳಿರ್ತೀರಿ. ಮಾಡ್ಕೊಳ್ಳುತ್ತೆ, ಆದ್ರೆ ಯಾವಾಗ ಮಾಡ್ಕೊಳ್ಳಲ್ಲ ಅಂತ ನೋಡಿ. ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿದಾಗ ಆಕ್ಸಿಜನ್ ಸೆನ್ಸರ್ ಇನ್ನೂ ಬಿಸಿಯಾಗಿರಲ್ಲ, ಅದರ ಮಾತು ಲೆಕ್ಕಕ್ಕಿಲ್ಲ. ಫುಲ್ ಥ್ರಾಟಲ್‌ನಲ್ಲೂ ಬಹಳಷ್ಟು ಇಸಿಯುಗಳು ಆ ಸೆನ್ಸರ್ ಮಾತು ಕೇಳೋದು ಬಿಟ್ಟು ಪುಸ್ತಕದ ಲೆಕ್ಕದ ಮೇಲೇ ನಡೀತವೆ. ಅಂದ್ರೆ ತಪ್ಪಾದ್ರೆ ಎಂಜಿನ್ನೇ ಹೋಗೋ ಹೊತ್ತಲ್ಲಿ ಸಸ್ಪೆನ್ಸ್ ಅಕೌಂಟ್ ನಿಮ್ಮ ಸಹಾಯಕ್ಕೆ ಬರಲ್ಲ.

ದಾವಣಗೆರೆಯಿಂದ ಬಂದ ಸ್ಕ್ರೀನ್‌ಶಾಟ್

ದಾವಣಗೆರೆಯ ಕೇಳುಗರೊಬ್ಬರು ಲಾಗ್ ಕಳಿಸಿದ್ರು. ಟರ್ಬೊ ಪೆಟ್ರೋಲ್ ಸೆಡಾನ್, 300 ಸಿಸಿ ತೆಗೆದು 600 ಹಾಕಿಸಿದ್ದಾರೆ. ಫ್ಲೋ ರೇಟ್ ಬದಲಾಗಿದೆ, ಡೆಡ್‌ಟೈಮ್ ಟೇಬಲ್ ಹಳೇದೇ ಉಳಿದಿದೆ. ಅವರ ಪ್ರಶ್ನೆ: "ಅಣ್ಣಾ, ಐಡಲ್‌ನಲ್ಲಿ ಟ್ರಿಮ್ 20 ತೋರಿಸ್ತಿದೆ. ಇಂಜೆಕ್ಟರ್ ಡೂಪ್ಲಿಕೇಟಾ?"

ಲೆಕ್ಕ ಸುಲಭ ಆಗಲಿ ಅಂತ ನಂಬರ್‌ಗಳನ್ನ ರೌಂಡ್ ಮಾಡಿದೀನಿ. ಪೆಟ್ರೋಲ್ ಬೀಳೋ ಹೊತ್ತನ್ನೂ ಎಷ್ಟು ಕಮ್ಮಿ ಬಿದ್ದಿದೆ ಅನ್ನೋದನ್ನೂ ಪಕ್ಕಪಕ್ಕ ಇಡೋಣ.

ಐಡಲ್: 0.75 ಮಿಲಿಸೆಕೆಂಡ್, ಟ್ರಿಮ್ ಪ್ಲಸ್ 20.
ನಿಧಾನ ಓಡಾಟ: 1.5 ಮಿಲಿಸೆಕೆಂಡ್, ಪ್ಲಸ್ 10.
ಹೈವೇ: 3 ಮಿಲಿಸೆಕೆಂಡ್, ಪ್ಲಸ್ 5.
ಜೋರಾಗಿ ಒತ್ತಿದಾಗ: 7.5 ಮಿಲಿಸೆಕೆಂಡ್, ವೈಡ್‌ಬ್ಯಾಂಡ್ ಮೀಟರ್ ಪ್ರಕಾರ 2 ಪರ್ಸೆಂಟ್ ಕೊರತೆ.

ಪರ್ಸೆಂಟ್ ನಾಲ್ಕೂ ಕಡೆ ಬೇರೆ ಬೇರೆ. ಈಗ ಗುಣಿಸಿ ನೋಡಿ. 0.75ರ 20 ಪರ್ಸೆಂಟ್ 0.15. 1.5ರ 10 ಪರ್ಸೆಂಟ್ 0.15. 3ರ 5 ಪರ್ಸೆಂಟ್ 0.15. 7.5ರ 2 ಪರ್ಸೆಂಟ್ 0.15. ಎಲ್ಲ ಕಡೆ ಅದೇ 0.15 ಮಿಲಿಸೆಕೆಂಡ್ ಕಾಣೆಯಾಗಿದೆ! ಪೆಟ್ರೋಲ್ ಎಷ್ಟೇ ಬೇಕಿರಲಿ, ಪ್ರತಿ ಸಲ ಒಂದೇ ಮೊತ್ತ ಕಮ್ಮಿ ಬೀಳ್ತಿದೆ ಅಂದ್ರೆ ಅದು ಫಿಕ್ಸೆಡ್ ಚಾರ್ಜ್‌ನ ತಪ್ಪು. ಇಂಜೆಕ್ಟರ್‌ನ ಅಸಲಿ ಡೆಡ್‌ಟೈಮ್ 1.15, ಪುಸ್ತಕದಲ್ಲಿ 1.00.

ಇವತ್ತಿನ ಸಂಚಿಕೆಯಲ್ಲಿ ಒಂದೇ ವಾಕ್ಯ ನೆನಪಿಡೋದಾದ್ರೆ ಇದು: ಎಲ್ಲ ಕಡೆ ಪರ್ಸೆಂಟ್ ಒಂದೇ ಇದ್ರೆ ಫ್ಲೋ ರೇಟ್ ಮೇಲೆ ಅನುಮಾನ ಪಡಿ, ಮಿಲಿಸೆಕೆಂಡ್ ಒಂದೇ ಇದ್ರೆ ಡೆಡ್‌ಟೈಮ್ ಮೇಲೆ.

ಒಂದು ಮಾತು ಸೇರಿಸ್ತೀನಿ. ಇಂಜೆಕ್ಟರ್ ಕೂರಿಸುವಾಗ ಓ-ರಿಂಗ್ ಸರಿಯಾಗಿ ಕೂರದೇ ಗಾಳಿ ಸೋರಿದ್ರೂ ಐಡಲ್‌ನಲ್ಲಿ ಟ್ರಿಮ್ ಏರಿ, ವೇಗದಲ್ಲಿ ಇಳಿಯುತ್ತೆ. ದೂರದಿಂದ ನೋಡಿದ್ರೆ ಎರಡೂ ಒಂದೇ ತರ. ಆದ್ದರಿಂದ ನಂಬರ್ ಮುಟ್ಟೋ ಮುಂಚೆ ಗಾಳಿ ಸೋರಿಕೆ ಪರೀಕ್ಷೆ ಮಾಡಿಸಿ.

ತಪ್ಪು ಖಾತೆಯಲ್ಲಿ ತಿದ್ದಿದ್ರೆ ಏನಾಗುತ್ತೆ

ಅದೇ ಕೇಳುಗರಿಗೆ ಒಬ್ಬ ಟ್ಯೂನರ್ ಕೊಟ್ಟ ಸಲಹೆ, "ಎಂಎಎಫ್ ಸ್ಕೇಲ್ ಸ್ವಲ್ಪ ಏರಿಸಿಬಿಡೋಣ, ಟ್ರಿಮ್ ಸೊನ್ನೆಗೆ ಬರುತ್ತೆ." ಎಂಎಎಫ್ ಅಂದ್ರೆ ಒಳಗೆ ಬರೋ ಗಾಳಿ ಅಳೆಯೋ ಸೆನ್ಸರ್. ಜಾಸ್ತಿ ಗಾಳಿ ಬರ್ತಿದೆ ಅಂತ ಸುಳ್ಳು ಹೇಳಿದ್ರೆ ಇಸಿಯು ಜಾಸ್ತಿ ಪೆಟ್ರೋಲ್ ಕೊಡುತ್ತೆ. ಟ್ರಿಮ್ ನಿಜವಾಗ್ಲೂ ಸೊನ್ನೆಗೆ ಬರುತ್ತೆ. ಸ್ಕ್ರೀನ್‌ಶಾಟ್ ಚೆನ್ನಾಗಿ ಕಾಣುತ್ತೆ.

ಆದ್ರೆ ಗಾಳಿಯ ಲೆಕ್ಕವನ್ನ ಇಸಿಯು ಪೆಟ್ರೋಲ್‌ಗೆ ಮಾತ್ರ ಬಳಸಲ್ಲ. ಎಂಜಿನ್ ಮೇಲೆ ಎಷ್ಟು ಲೋಡ್ ಇದೆ ಅಂತ ಅದರಿಂದಲೇ ತಿಳಿಯುತ್ತೆ. ಸ್ಪಾರ್ಕ್ ಯಾವಾಗ ಕೊಡಬೇಕು ಅನ್ನೋದು ಆ ಲೋಡ್ ಮೇಲೆ ನಿಂತಿದೆ. ಆಟೋಮ್ಯಾಟಿಕ್ ಆದ್ರೆ ಗೇರ್‌ಬಾಕ್ಸ್ ಕೂಡ ಅದನ್ನ ನಂಬಿಕೊಂಡಿರುತ್ತೆ.

ಇದರ ಕೆಟ್ಟ ರೂಪ ಇನ್ನೊಂದಿದೆ. ಇಂಜೆಕ್ಟರ್ ಡಬಲ್ ಮಾಡಿ, ಇಂಜೆಕ್ಟರ್ ಟೇಬಲ್ ಮುಟ್ಟದೇ, ಎಂಎಎಫ್ ಲೆಕ್ಕವನ್ನ ಅರ್ಧ ಮಾಡೋದು. ಎರಡು ತಪ್ಪು ಸೇರಿ ಪೆಟ್ರೋಲ್ ಹೆಚ್ಚುಕಮ್ಮಿ ಸರಿ ಬೀಳುತ್ತೆ. ಆದ್ರೆ ಫುಲ್ ಬೂಸ್ಟ್‌ನಲ್ಲಿ ಎಂಜಿನ್ ಬೆವರು ಸುರಿಸ್ತಿರುವಾಗ ಇಸಿಯು "ಅರ್ಧ ಲೋಡ್ ಅಷ್ಟೇ" ಅಂದ್ಕೊಂಡಿರುತ್ತೆ. ಕಮ್ಮಿ ಲೋಡ್‌ನಲ್ಲಿ ಸ್ಪಾರ್ಕ್ ಬೇಗ ಕೊಡಬಹುದು, ಜಾಸ್ತಿ ಲೋಡ್‌ನಲ್ಲಿ ತಡೆದು ಕೊಡಬೇಕು. ಉದಾಹರಣೆಗೆ 10 ಡಿಗ್ರಿ ಇರಬೇಕಾದ ಕಡೆ 25 ಡಿಗ್ರಿ ಕೊಟ್ಟುಬಿಡುತ್ತೆ. ಆಗ ನಾಕಿಂಗ್. ನಾಕ್ ಸೆನ್ಸರ್ ಸ್ವಲ್ಪ ಕಾಪಾಡಬಹುದು, ಆದ್ರೆ ಅದನ್ನೇ ನಂಬಿ ಟ್ಯೂನ್ ಮಾಡೋದು ಬ್ರೇಕ್ ಬದಲು ಏರ್‌ಬ್ಯಾಗ್ ನಂಬಿದ ಹಾಗೆ.

ಪುಸ್ತಕ ಟ್ಯಾಲಿ ಆಯ್ತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ತಪ್ಪು ಎಲ್ಲಿದೆಯೋ ಅಲ್ಲೇ ತಿದ್ದಬೇಕು. ಆಡಿಟ್ ಮಾಡೋರು ಇದನ್ನೇ ಹೇಳೋದು, ಒಳ್ಳೆ ಟ್ಯೂನರ್‌ಗಳೂ ಇದನ್ನೇ ಹೇಳೋದು.

ಇ20 ನಡುವೆ ಬಂದು ಲೆಕ್ಕ ಕೆಡಿಸುತ್ತೆ

2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಲ್ಲೇ, ಇಂಡಿಯಾ ಎನರ್ಜಿ ವೀಕ್‌ನಲ್ಲಿ, ಇ20 ಪೆಟ್ರೋಲ್ ಬಿಡುಗಡೆ ಆಯ್ತು. 100 ಲೀಟರ್‌ನಲ್ಲಿ 20 ಲೀಟರ್ ಎಥನಾಲ್. ಎಥನಾಲ್ ತನ್ನೊಳಗೇ ಆಕ್ಸಿಜನ್ ಇಟ್ಕೊಂಡಿದೆ, ಹಾಗಾಗಿ ಅದು 1 ಗ್ರಾಂ ಉರಿಯೋಕೆ ಸುಮಾರು 9 ಗ್ರಾಂ ಗಾಳಿ ಸಾಕು. ಶುದ್ಧ ಪೆಟ್ರೋಲ್‌ಗೆ 14.7. ಇ20ಗೆ ಸುಮಾರು 13.5. ಅಂದ್ರೆ ಅಷ್ಟೇ ಗಾಳಿಗೆ, ತೂಕದ ಲೆಕ್ಕದಲ್ಲಿ, ಸುಮಾರು 9 ಪರ್ಸೆಂಟ್ ಜಾಸ್ತಿ ಇಂಧನ ಬೇಕು.

ಇದರ ಅರ್ಥ, ನಿಮ್ಮ ಲಾಗ್‌ನಲ್ಲಿ ಎಲ್ಲ ಕಡೆ ಒಂದೇ ಪರ್ಸೆಂಟ್ ಕಮ್ಮಿ ಅಂತ ಬಂದ್ರೆ ಅದು ಇಂಜೆಕ್ಟರ್ ತಪ್ಪೇ ಆಗಬೇಕಿಲ್ಲ, ಪೆಟ್ರೋಲ್ ಗುಣವೂ ಇರಬಹುದು. ಬೇರ್ಪಡಿಸೋದು ಹೇಗೆ? ಓಪನಿಂಗ್ ಬ್ಯಾಲೆನ್ಸ್ ಬರೆದಿಟ್ಟುಕೊಳ್ಳಿ. ಹಳೆ ಇಂಜೆಕ್ಟರ್ ಬಿಚ್ಚೋ ಮುಂಚೆ, ಅದೇ ಟ್ಯಾಂಕ್ ಪೆಟ್ರೋಲ್‌ನಲ್ಲಿ, ಐಡಲ್, ನಿಧಾನ ಓಡಾಟ, ಹೈವೇ ಮೂರರಲ್ಲೂ ಟ್ರಿಮ್ ಲಾಗ್ ಮಾಡಿ ಫೋನಲ್ಲಿ ಇಟ್ಕೊಳ್ಳಿ. ಮೊದಲೇ ಪ್ಲಸ್ 6 ಇತ್ತು ಅಂದ್ರೆ, ಹೊಸದು ಹಾಕಿದ ಮೇಲೆ ಬರೋ ಪ್ಲಸ್ 6 ಹೊಸ ಇಂಜೆಕ್ಟರ್‌ನ ಸಾಲ ಅಲ್ಲ.

ಇದೇ ಕಾರಣಕ್ಕೆ ಗಾಳಿ-ಪೆಟ್ರೋಲ್ ಅನುಪಾತದ ಬದಲು ಲ್ಯಾಂಬ್ಡಾದಲ್ಲಿ ಮಾತಾಡಿ. ಯಾವ ಇಂಧನವೇ ಇರಲಿ, ಸರಿಸಮ ಅಂದ್ರೆ ಲ್ಯಾಂಬ್ಡಾ 1. ಟರ್ಬೊ ಕಾರು ಫುಲ್ ಥ್ರಾಟಲ್‌ನಲ್ಲಿ ಸಾಮಾನ್ಯವಾಗಿ 0.78ರಿಂದ 0.85ರೊಳಗೆ ಇರುತ್ತೆ.

ಕೆಲಸದ ಕ್ರಮ

ಒಂದು. ಕೊಳ್ಳುವಾಗಲೇ ಡೇಟಾ ಶೀಟ್ ಕೇಳಿ. ಯಾವ ಪ್ರೆಶರ್‌ನಲ್ಲಿ ಎಷ್ಟು ಫ್ಲೋ, ಯಾವ ವೋಲ್ಟೇಜ್‌ಗೆ ಎಷ್ಟು ಡೆಡ್‌ಟೈಮ್. ಇದು ಕೊಡೋಕಾಗದ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ರೂ ಬೇಡ. ಕಾಯಿಲ್ ರೆಸಿಸ್ಟೆನ್ಸ್ ಕೂಡ ನೋಡಿ. 12 ಓಮ್ ಆಸುಪಾಸಿನ ಇಂಜೆಕ್ಟರ್‌ಗೆ ಮಾಡಿದ ಇಸಿಯುಗೆ 2-3 ಓಮ್‌ನದ್ದು ನೇರ ಜೋಡಿಸಿದ್ರೆ ಇಸಿಯು ಒಳಗಿನ ಡ್ರೈವರ್ ಸುಟ್ಟುಹೋಗಬಹುದು.

ಎರಡು. ಬಿಚ್ಚೋ ಮುಂಚೆ ಪೆಟ್ರೋಲ್ ಲೈನ್‌ನ ಪ್ರೆಶರ್ ಇಳಿಸಿ, ಬ್ಯಾಟರಿ ತೆಗೆದು, ಪಕ್ಕದಲ್ಲಿ ಫೈರ್ ಎಕ್ಸ್‌ಟಿಂಗ್ವಿಷರ್ ಇಟ್ಕೊಳ್ಳಿ. ಕೂರಿಸಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡದೇ ಬರೀ ಕೀ ಆನ್ ಮಾಡಿ ಪಂಪ್ ಓಡಿಸಿ. ಎಲ್ಲೂ ಒದ್ದೆ ಇಲ್ಲ, ವಾಸನೆ ಇಲ್ಲ ಅಂತ ಖಾತ್ರಿ ಆದ ಮೇಲೆಯೇ ಮುಂದಿನದು.

ಮೂರು. ನಿಮ್ಮ ಪ್ರೆಶರ್‌ಗೆ ತಕ್ಕ ಫ್ಲೋ ರೇಟ್, ಪೂರ್ತಿ ಡೆಡ್‌ಟೈಮ್ ಟೇಬಲ್, ಚಿಕ್ಕ ಪಲ್ಸ್ ಟೇಬಲ್ ಇದ್ರೆ ಅದೂ, ಎಲ್ಲ ಹಾಕಿ. ಹಳೆ ಟ್ರಿಮ್ ಅಳಿಸಿ.

ನಾಲ್ಕು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಲಾಗ್ ಶುರು ಮಾಡಿ. ಮೊದಲು ಎಸಿ, ಲೈಟ್ ಎಲ್ಲ ಆಫ್. ಆಮೇಲೆ ಎಲ್ಲ ಆನ್. ಆನ್ ಮಾಡಿದಾಗ ಮಾತ್ರ ಟ್ರಿಮ್ ಏರಿದ್ರೆ, ವೋಲ್ಟೇಜ್ ಎಷ್ಟು ಇಳೀತು ನೋಡಿ, ಡೆಡ್‌ಟೈಮ್ ಟೇಬಲ್‌ನ ಆ ಸಾಲು ತಪ್ಪಿರಬಹುದು. ಆಮೇಲೆ 2500 ಆರ್‌ಪಿಎಂ, ಆಮೇಲೆ ರಸ್ತೆ. ಓಡಿಸುವಾಗ ಫೋನ್ ಪಕ್ಕದ ಸೀಟಿನವರ ಕೈಯಲ್ಲಿರಲಿ.

ಐದು. ಗುಣಾಕಾರ ಮಾಡಿ. ಪರ್ಸೆಂಟ್ ಒಂದೇನಾ, ಮಿಲಿಸೆಕೆಂಡ್ ಒಂದೇನಾ?

ಆರು. ಇದೆಲ್ಲ ಸರಿಹೋದ ಮೇಲೆ ಕೋಲ್ಡ್ ಸ್ಟಾರ್ಟ್ ಮತ್ತು ದಿಢೀರ್ ಥ್ರಾಟಲ್ ಒತ್ತಿದಾಗಿನ ಸೆಟ್ಟಿಂಗ್. ಕೆಲವು ಇಸಿಯುಗಳಲ್ಲಿ ಇವು ನೇರ ಮಿಲಿಸೆಕೆಂಡ್‌ನಲ್ಲೇ ಬರೆದಿರುತ್ತವೆ, ತಾವಾಗಿ ಬದಲಾಗಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಪ್ಪು ಹೊಗೆ ಬಂದ್ರೆ ಇಲ್ಲಿ ನೋಡಿ.

ಏಳು. ಫುಲ್ ಥ್ರಾಟಲ್ ಕೊನೆಗೆ. ಡೈನೋ ಮೇಲೆ, ವೈಡ್‌ಬ್ಯಾಂಡ್ ಸೆನ್ಸರ್ ಇಟ್ಟು, ನಾಕ್ ನೋಡ್ತಾ. ರಿಂಗ್ ರೋಡಲ್ಲಿ ರಾತ್ರಿ ಹನ್ನೆರಡಕ್ಕೆ ಅಲ್ಲ.

ಎಷ್ಟು ದೊಡ್ಡದು ಬೇಕು?

ಟರ್ಬೊ ಪೆಟ್ರೋಲ್ ಎಂಜಿನ್‌ಗೆ ಒಂದು ಹಾರ್ಸ್‌ಪವರ್‌ಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಅಂತ ಇಟ್ಕೊಳ್ಳಿ. 200 ಹಾರ್ಸ್‌ಪವರ್, ನಾಲ್ಕು ಸಿಲಿಂಡರ್, ಇಂಜೆಕ್ಟರ್ 85 ಪರ್ಸೆಂಟ್‌ಗಿಂತ ಜಾಸ್ತಿ ಹೊತ್ತು ತೆರೆದಿರಬಾರದು. ಲೆಕ್ಕ ಹಾಕಿದ್ರೆ ಪ್ರತಿ ಇಂಜೆಕ್ಟರ್ ಸುಮಾರು 360 ಸಿಸಿ. ಇ20 ಸೇರಿಸಿದ್ರೆ 400ರ ಆಸುಪಾಸು. ಅಂಥ ಕಾರಿಗೆ "ಮುಂದೆ ಬೇಕಾಗಬಹುದು" ಅಂತ 1000 ಸಿಸಿ ಹಾಕಿದ್ರೆ? ನಮ್ಮ ಹಳೆ ಉದಾಹರಣೆಯ ಐಡಲ್ ಹೊತ್ತು 0.45 ಮಿಲಿಸೆಕೆಂಡ್‌ಗೆ ಇಳಿಯುತ್ತೆ. ಅದೇ 0.15 ತಪ್ಪು ಈಗ 33 ಪರ್ಸೆಂಟ್. ಟ್ರಿಮ್ ಮಿತಿಯೇ ಮುಗೀತು.

ತೀರಾ ಬಿಗಿಯಾಗಿ ಲೆಕ್ಕ ಹಾಕಿದ್ರೂ ಕಷ್ಟ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ. ಟರ್ಬೊ ಇಲ್ಲದ ಕಾರನ್ನ ಇಲ್ಲಿ ಡೈನೋ ಮೇಲೆ ಇಟ್ಟು ಇಂಜೆಕ್ಟರ್ ಅಂಚಿಗೆ ಬರೋ ಹಾಗೆ ಟ್ಯೂನ್ ಮಾಡಿ, ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋದ್ರೆ ಅಲ್ಲಿನ ಗಾಳಿ ಸುಮಾರು ಹತ್ತರಲ್ಲಿ ಒಂದು ಪಾಲು ದಟ್ಟ. ಅಷ್ಟೇ ಪೆಟ್ರೋಲ್ ಜಾಸ್ತಿ ಬೇಕು. ಕೊಡೋಕೆ ಇಂಜೆಕ್ಟರ್‌ನಲ್ಲಿ ಜಾಗ ಇರಬೇಕಲ್ಲ? 85 ಪರ್ಸೆಂಟ್ ಮಿತಿ ಇರೋದು ಇದಕ್ಕೇ.

ಕಾನೂನಿನ ಮಾತೂ ಒಂದು ಸಾಲು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಮಾರ್ಪಾಡು ಮಾಡುವಂತಿಲ್ಲ. ವಾರಂಟಿ, ಇನ್ಶೂರೆನ್ಸ್ ಕ್ಲೇಮ್, ಎಮಿಷನ್ ಟೆಸ್ಟ್ ಎಲ್ಲ ಯೋಚನೆ ಮಾಡಿಯೇ ಕೈ ಹಾಕಿ.

"ನಂದು ಸಾದಾ ಡೀಸೆಲ್ ಕಾರು, ನನಗ್ಯಾಕೆ ಇದೆಲ್ಲ" ಅನ್ನೋರಿಗೂ ಒಂದು ಉಪಯೋಗ ಇದೆ. ಹಲವು ಕಾಮನ್ ರೇಲ್ ಡೀಸೆಲ್ ಇಂಜೆಕ್ಟರ್‌ಗಳ ಮೇಲೆ ಒಂದು ಕೋಡ್ ಇರುತ್ತೆ. ಆ ಒಂದು ಇಂಜೆಕ್ಟರ್ ಸರಾಸರಿಗಿಂತ ಎಷ್ಟು ಹೆಚ್ಚುಕಮ್ಮಿ ಅನ್ನೋ ವಿವರ ಅದರಲ್ಲಿರುತ್ತೆ. ಬದಲಾಯಿಸಿದಾಗ ಸ್ಕ್ಯಾನರ್‌ನಿಂದ ಅದನ್ನ ಇಸಿಯುಗೆ ಬರೀಬೇಕು. ಮುಂದಿನ ಸಲ ಬಿಲ್ ಕೊಡೋ ಮುಂಚೆ "ಕೋಡ್ ಬರೆದ್ರಾ?" ಅಂತ ಕೇಳಿ. ಪಾರ್ಟ್ ಹೊಸದಾದ್ರೆ ಸಾಲದು, ಪುಸ್ತಕಕ್ಕೂ ಎಂಟ್ರಿ ಬೀಳಬೇಕು.

ದಾವಣಗೆರೆಯ ಗೆಳೆಯರಿಗೆ ನನ್ನ ಉತ್ತರ: ಇಂಜೆಕ್ಟರ್ ಡೂಪ್ಲಿಕೇಟ್ ಅನ್ನೋಕೆ ಈ ಲಾಗ್‌ನಲ್ಲಿ ಪುರಾವೆ ಇಲ್ಲ. ಸೋರಿಕೆ ಇಲ್ಲ ಅಂತ ನೋಡಿಸಿ, ಎಂಎಎಫ್ ಮುಟ್ಟಬೇಡಿ, ಡೇಟಾ ಶೀಟ್‌ನ ಡೆಡ್‌ಟೈಮ್ ಟೇಬಲ್ ಹಾಕಿಸಿ, ಮತ್ತೆ ಲಾಗ್ ಮಾಡಿ. ನಾಲ್ಕೂ ಸಾಲು ಕಳಿಸಿ, ಒಟ್ಟಿಗೆ ಗುಣಿಸಿ ನೋಡೋಣ.

ಇವತ್ತಿಗೆ ಇಷ್ಟು. ನಿಮ್ಮ ಲಾಗ್, ನಿಮ್ಮ ಪ್ರಶ್ನೆ ಏನೇ ಇದ್ರೂ ವಾಯ್ಸ್ ನೋಟ್ ಕಳಿಸಿ. ಹೊಸ ಇಂಜೆಕ್ಟರ್ ಆರ್ಡರ್ ಮಾಡೋಕೆ ಹೊರಟಿರೋ ಗೆಳೆಯರು ಯಾರಾದ್ರೂ ಇದ್ರೆ, ದುಡ್ಡು ಕಟ್ಟೋ ಮುಂಚೆ ಈ ಸಂಚಿಕೆ ಅವರಿಗೆ ಫಾರ್ವರ್ಡ್ ಮಾಡಿ. ಸಿಗೋಣ, ನಮಸ್ಕಾರ.